ಹೊಂಗೆ ಎಣ್ಣೆ ಘಟಕಕ್ಕೆ ಘನ ಕ್ಯಾಟಲಿಸ್ಟ್: ಟೆಂಡರ್ ಬರೆಯುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಹಾಗೂ ಜೈವಿಕ ಇಂಧನ ಕಾರ್ಯಕ್ರಮದ ಹೊಣೆ ಹೊತ್ತ ಅಧಿಕಾರಿಗಳು,
ತುಮಕೂರು ಜಿಲ್ಲೆ

ಮಾನ್ಯರೇ,

ಹೊಂಗೆ, ಹಿಪ್ಪೆ, ಬೇವಿನ ಬೀಜದಿಂದ ವಾಹನಕ್ಕೆ ಇಂಧನ ಮಾಡುವ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. ರಾಜ್ಯದ ಜೈವಿಕ ಇಂಧನ ನೀತಿ ಬಂದದ್ದು 2009ರಲ್ಲಿ. 2018ರ ರಾಷ್ಟ್ರೀಯ ನೀತಿ 2030ರ ಹೊತ್ತಿಗೆ ಡೀಸೆಲ್‌ಗೆ ಶೇ. 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಶಿರಾ, ಮಧುಗಿರಿ, ಕೊರಟಗೆರೆಯ ಬದುಗಳಲ್ಲಿ ಹೊಂಗೆ ಇದೆ. ಹೆದ್ದಾರಿಯ ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆ ಇದೆ. ಸಣ್ಣ ಬಯೋಡೀಸೆಲ್ ಘಟಕದ ಆಲೋಚನೆ ಬಂದಾಗಲೆಲ್ಲ ಯಂತ್ರ ಮಾರುವವರ ಕರಪತ್ರದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಘನ ಕ್ಯಾಟಲಿಸ್ಟ್, ತೊಳೆಯಲು ನೀರು ಬೇಡ, ಹತ್ತು ಸಲ ಬಳಸಬಹುದು. ಕ್ಯಾಟಲಿಸ್ಟ್ ಎಂದರೆ ತಾನು ಖರ್ಚಾಗದೆ, ಎಣ್ಣೆಯನ್ನು ಬಯೋಡೀಸೆಲ್ ಆಗಿಸುವ ಕ್ರಿಯೆಗೆ ವೇಗ ಕೊಡುವ ವಸ್ತು. ಕರಪತ್ರದ ಆ ಸಾಲನ್ನು ಹಾಗೆಯೇ ಟೆಂಡರ್‌ಗೆ ಇಳಿಸಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಘನ ಕ್ಯಾಟಲಿಸ್ಟ್ ಬೇಡ ಎನ್ನುವವರು ನಾವಲ್ಲ. ಬೇಕೇ ಬೇಕು, ಅದರಲ್ಲೂ ನೀರಿಗೆ ಬರವಿರುವ ಪಾವಗಡದಂಥ ಕಡೆ. ಯಾಕೆ ಎನ್ನುವುದಕ್ಕೆ ಈಗಿನ ರೂಢಿಯ ವಿಧಾನ ನೋಡಿದರೆ ಸಾಕು. 100 ಕೆ.ಜಿ. ಎಣ್ಣೆಗೆ ಸುಮಾರು 22 ಕೆ.ಜಿ. ಮೆಥನಾಲ್, ಅದರಲ್ಲಿ ಕರಗಿಸಿದ ಒಂದು ಕೆ.ಜಿ.ಯಷ್ಟು ಕಾಸ್ಟಿಕ್ ಸೋಡಾ (ಇಲ್ಲಿ ಕ್ಯಾಟಲಿಸ್ಟ್ ಇದೇ), 60 ಡಿಗ್ರಿ ಶಾಖ, ಒಂದು ಗಂಟೆ ಕಲಕು. ಆಮೇಲೆ ಗ್ಲಿಸರಿನ್ ತಳಕ್ಕೆ ಕೂರುತ್ತದೆ, ಮೇಲೆ ಬಯೋಡೀಸೆಲ್. ಕೇಳಲು ಸಲೀಸು. ಆದರೆ ಸೋಡಾ ಕರಗಿಹೋಗಿರುವುದರಿಂದ ಅದನ್ನು ಹೊರತೆಗೆಯುವ ರೂಢಿಯ ದಾರಿ ನೀರು ಹಾಕಿ ತೊಳೆಯುವುದು. ತೊಳೆಯುವ ರೀತಿ ನೋಡಿಕೊಂಡು ಒಂದು ಲೀಟರ್ ಬಯೋಡೀಸೆಲ್‌ಗೆ ಒಂದರಿಂದ ಮೂರು ಲೀಟರ್ ನೀರು ಹೋಗುತ್ತದೆ. ಹೊರಬರುವುದು ಸೋಪು, ಮೆಥನಾಲ್, ಕ್ಷಾರ ಕೂಡಿದ ಹಾಲಿನಂಥ ನೀರು. ಅದನ್ನು ಚರಂಡಿಗೆ ಬಿಡುವ ಹಾಗಿಲ್ಲ. ಇನ್ನೊಂದು ತೊಡಕೂ ಇದೆ. ನಮ್ಮ ಪೂರ್ವ ತಾಲ್ಲೂಕುಗಳ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿಗೆ ಅಂಟಿಕೊಂಡು, ನೀರಿನಲ್ಲಿ ಕರಗದ ಜಿಡ್ಡಾಗಿ ಬಯೋಡೀಸೆಲ್‌ನಲ್ಲೇ ಉಳಿಯುತ್ತದೆ. ತೊಳೆದಷ್ಟೂ ಕೊಳೆ.

ಘನ ಕ್ಯಾಟಲಿಸ್ಟ್ ಎಣ್ಣೆಯಲ್ಲಿ ಕರಗುವುದಿಲ್ಲ. ಸೋಸಿ ತೆಗೆಯಬಹುದು, ಮತ್ತೆ ಬಳಸಬಹುದು, ಗ್ಲಿಸರಿನ್ ತಿಳಿಯಾಗಿ ಸಿಗುತ್ತದೆ. ತತ್ವ ಸರಿ. ಕೆಲಸ ಕೆಡುವುದು ಎಣ್ಣೆ ನೋಡದೆ ಕ್ಯಾಟಲಿಸ್ಟ್ ಆರಿಸಿದಾಗ.

ಹೊಂಗೆ ಎಣ್ಣೆಯ ಕಥೆ ಬೀಜದಿಂದಲೇ ಶುರು. ಕಾಯಿ ಒಣಗಿಸದೆ ಗೋಣಿಚೀಲದಲ್ಲಿ ತುಂಬಿ ಒಂದು ಮಳೆಗಾಲ ಇಟ್ಟರೆ, ಬೀಜದೊಳಗಿನ ಕಿಣ್ವ ಎಣ್ಣೆಯನ್ನು ಸೀಳಿ ಕೊಬ್ಬಿನಾಮ್ಲ ಬಿಡಿಸುತ್ತದೆ. ಹೊಸ ಒಣ ಬೀಜದ ಎಣ್ಣೆಯಲ್ಲಿ ಈ ಬಿಡಿ ಆಮ್ಲ ಶೇ. 2–3 ಇದ್ದರೆ, ಮುಗ್ಗಿದ ಬೀಜದ್ದರಲ್ಲಿ ಶೇ. 10 ದಾಟುವುದೂ ಉಂಟು. ಶೇ. 8 ಇದೆ ಎಂದಿಟ್ಟುಕೊಳ್ಳಿ. 100 ಕೆ.ಜಿ. ಎಣ್ಣೆಯಲ್ಲಿ 8 ಕೆ.ಜಿ. ಆಮ್ಲ. ಕಾಸ್ಟಿಕ್ ಸೋಡಾ ಹಾಕಿದರೆ ಸುಮಾರು 1.1 ಕೆ.ಜಿ. ಸೋಡಾ ಬರೀ ಈ ಆಮ್ಲಕ್ಕೇ ಖರ್ಚು, ಎಂಟೂವರೆ ಕೆ.ಜಿ. ಸೋಪು ಲಾಭ! ಕ್ರಿಯೆ ನಡೆಯುವುದು ಅದಕ್ಕಿಂತ ಹೆಚ್ಚು ಹಾಕಿದರೆ ಮಾತ್ರ, ಆಗ ಇಡೀ ಟ್ಯಾಂಕ್ ಗಟ್ಟಿಯಾಗಿ ಗ್ಲಿಸರಿನ್ ಬೇರೆಯಾಗುವುದೇ ಇಲ್ಲ.

ಸೋಡಾ ಬದಲು ಸುಟ್ಟ ಸುಣ್ಣ ಹಾಕಿದರೆ? ಅಗ್ಗದ ಘನ ಕ್ಯಾಟಲಿಸ್ಟ್ ಎಂದರೆ ಅದೇ, ಕ್ಯಾಲ್ಸಿಯಂ ಆಕ್ಸೈಡ್. ಮೊಟ್ಟೆ ಚಿಪ್ಪಿನಿಂದ ಮಾಡಬಹುದು ಎಂದು ಎಲ್ಲ ಕಡೆ ಬರುತ್ತಿದೆ, ಮಾಡಲೂಬಹುದು. ಆದರೆ ಅದೇ ಶೇ. 8 ಆಮ್ಲದ ಎಣ್ಣೆಗೆ ಹಾಕಿದರೆ ಸುಮಾರು 800 ಗ್ರಾಂ ಸುಣ್ಣ ಕ್ಯಾಲ್ಸಿಯಂ ಸೋಪಾಗಿ ಹೋಗುತ್ತದೆ. ಸೋಡಾ ಸೋಪನ್ನಾದರೂ ನೀರಿನಲ್ಲಿ ತೊಳೆಯಬಹುದಿತ್ತು, ಇದನ್ನು ಅದೂ ಆಗದು. ಫಿಲ್ಟರ್ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಆಮ್ಲ ಶೇ. 1ಕ್ಕಿಂತ ಕೆಳಗೆ, ಸಾಧ್ಯವಾದರೆ ಶೇ. ಅರ್ಧಕ್ಕೆ, ಇಳಿಯದ ಎಣ್ಣೆಗೆ ಸುಣ್ಣ ಮುಟ್ಟಿಸಬಾರದು. ಇದು ಟೆಂಡರ್‌ನಲ್ಲಿ ಬರಬೇಕಾದ ಮೊದಲ ಮಾತು.

ಆಮ್ಲ ಅಳೆಯಲು ದೊಡ್ಡ ಲ್ಯಾಬ್ ಬೇಡ. ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ ಒಂದು ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಬ್ಯೂರೆಟ್‌ಗೆ ತುಂಬಬೇಕು. 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ 1 ಮಿ.ಲೀ. ಎಣ್ಣೆ ಕರಗಿಸಿ, ಸೂಚಕ ಹಾಕಿ, ಬಣ್ಣ ತಿರುಗುವ ತನಕ ದ್ರಾವಣ ಬಿಡಬೇಕು. ಇಳಿದ ಒಂದೊಂದು ಮಿ.ಲೀ.ಗೂ ಆಮ್ಲ ಸುಮಾರು ಶೇ. 0.77. ಹತ್ತು ಮಿ.ಲೀ. ಇಳಿದರೆ ಶೇ. 7.7. ಆಲ್ಕೋಹಾಲ್ ಕೂಡ ಸ್ವಲ್ಪ ಆಮ್ಲವಾಗಿರುತ್ತದೆ, ಎಣ್ಣೆ ಹಾಕದೆ ಒಮ್ಮೆ ಮಾಡಿ ಆ ಅಂಕಿ ಕಳೆಯಬೇಕು. ಸೂಚಕಕ್ಕೆ ಕೈಪಿಡಿಗಳೆಲ್ಲ ಫಿನಾಲ್ಫ್ಥಲೀನ್ ಎನ್ನುತ್ತವೆ, ಆದರೆ ಹೊಂಗೆ ಎಣ್ಣೆ ಕೆಂಗಂದು. ಅದರಲ್ಲಿ ತಿಳಿಗುಲಾಬಿ ಕಾಣುವುದಾದರೂ ಹೇಗೆ? ಆಲ್ಕೋಹಾಲ್ ಪ್ರಮಾಣ ಹೆಚ್ಚಿಸಿ ಎಣ್ಣೆ ತೆಳುಮಾಡಿ, ಇಲ್ಲವೆ ಥೈಮಾಲ್ ಬ್ಲೂ ಬಳಸಿ. ಪಿಎಚ್ ಮೀಟರ್ ಕೊಡಿಸಿದರೆ ಇನ್ನೂ ಒಳ್ಳೆಯದು. ಬಣ್ಣ ಕಾಣದೆ ಅಂದಾಜಿಗೆ ಬರೆದಿಟ್ಟ ಅಂಕಿಯ ಮೇಲೆ ಇಡೀ ದಿನದ ಬ್ಯಾಚ್ ನಿಂತಿರುತ್ತದೆ.

ಹಾಗಾದರೆ ಆಮ್ಲ ಹೆಚ್ಚಿರುವ ಎಣ್ಣೆಗೇನು ದಾರಿ? ಎರಡು ಹಂತ. ಮೊದಲು ಆಮ್ಲಗುಣದ ಘನ ಕ್ಯಾಟಲಿಸ್ಟ್‌ನಿಂದ ಬಿಡಿ ಕೊಬ್ಬಿನಾಮ್ಲವನ್ನೂ ಬಯೋಡೀಸೆಲ್ ಆಗಿಸಿ, ಆಮೇಲೆ ಕ್ಷಾರಗುಣದ ಸುಣ್ಣದಿಂದ ಉಳಿದ ಎಣ್ಣೆ ತಿರುಗಿಸುವುದು. ಮೊದಲ ಹಂತಕ್ಕೆ ಆಂಬರ್‌ಲಿಸ್ಟ್-15ರಂಥ ರಾಳದ ಮಣಿಗಳು ಮಾರುಕಟ್ಟೆಯಲ್ಲಿವೆ. 60 ಡಿಗ್ರಿಯಲ್ಲಿ ಕೆಲಸ ಮಾಡುತ್ತವೆ, 120 ಡಿಗ್ರಿ ದಾಟಿಸಬಾರದು. ಶೇ. 8 ಆಮ್ಲದ 100 ಕೆ.ಜಿ. ಎಣ್ಣೆಗೆ ಸುಮಾರು 18 ಕೆ.ಜಿ. ಮೆಥನಾಲ್ ಹಿಡಿಸುತ್ತದೆ. ಕ್ರಿಯೆಯಲ್ಲಿ ಅರ್ಧ ಕೆ.ಜಿ. ನೀರು ಹುಟ್ಟುತ್ತದೆ. ಅಷ್ಟೇ ತಾನೇ ಎನ್ನಬೇಡಿ, ಆ ಅರ್ಧ ಕೆ.ಜಿ.ಯೇ ಕ್ರಿಯೆಯನ್ನು ನಡುದಾರಿಯಲ್ಲಿ ನಿಲ್ಲಿಸುವುದು. ನೀರು ಮಣಿಯ ಆಮ್ಲ ತಾಣಗಳನ್ನು ಸುತ್ತುವರಿದು ಎಣ್ಣೆಯನ್ನು ಹತ್ತಿರ ಬಿಡುವುದಿಲ್ಲ. ಅದಕ್ಕೇ ಒಂದು ಸುತ್ತು ಮುಗಿದ ಮೇಲೆ ಮೇಲೆ ತೇಲುವ ಮೆಥನಾಲ್-ನೀರಿನ ಪದರ ತೆಗೆದು, ಒಣ ಮೆಥನಾಲ್ ಹಾಕಿ ಎರಡನೇ ಸುತ್ತು ನಡೆಸಬೇಕಾಗುತ್ತದೆ. ಒಂದೇ ಸುತ್ತಿಗೆ ಲೆಕ್ಕ ಹಾಕಿದ ಯಂತ್ರ ಶೇ. 2–3ರಲ್ಲಿ ನಿಂತುಬಿಡುತ್ತದೆ, ಆ ಎಣ್ಣೆ ಸುಣ್ಣಕ್ಕೆ ಲಾಯಕ್ಕಲ್ಲ.

ರಾಳದ ಮಣಿಗೆ ಇನ್ನೆರಡು ಶತ್ರುಗಳಿವೆ. ಒಂದು, ಗಾಣದ ಎಣ್ಣೆಯ ಅಂಟು, ರಂಜಕ ಇರುವ ಜಿಡ್ಡು. 70–80 ಡಿಗ್ರಿಯಲ್ಲಿ ಶೇ. 0.1ರಷ್ಟು ಫಾಸ್ಫೊರಿಕ್ ಆಮ್ಲ, ಆಮೇಲೆ ಸ್ವಲ್ಪ ಬಿಸಿನೀರು ಹಾಕಿ ಕಲಕಿ, ಕೂತ ಗಷ್ಟು ಬಸಿದು, ಎಣ್ಣೆ ಒಣಗಿಸಿ, ಸಣ್ಣ ಫಿಲ್ಟರ್‌ನಲ್ಲಿ ಸೋಸಿ ಕೊಟ್ಟರೆ ಮಣಿ ಬಾಳುತ್ತದೆ. ಎರಡನೆಯದು ಹೋಟೆಲ್ ಎಣ್ಣೆಯ ಉಪ್ಪು. ಬೋಂಡಾ, ಚಿಪ್ಸ್ ಕರಿದ ಎಣ್ಣೆಯಲ್ಲಿ ಉಳಿದ ಸೋಡಿಯಂ ಒಂದೊಂದಾಗಿ ಮಣಿಯ ಆಮ್ಲ ತಾಣಗಳಲ್ಲಿ ಕೂರುತ್ತಾ ಹೋಗುತ್ತದೆ. ಶೇ. 5ರ ಹೈಡ್ರೊಕ್ಲೋರಿಕ್ ಆಮ್ಲ ಹರಿಸಿ ತೊಳೆದರೆ ಮಣಿ ಮತ್ತೆ ಜೀವ ಪಡೆಯುತ್ತದೆ. ಆ ಏರ್ಪಾಡು, ಆ ಆಮ್ಲದ ನೀರಿನ ವಿಲೇವಾರಿ ಎರಡೂ ಯಂತ್ರದ ಬೆಲೆಯಲ್ಲಿ ಸೇರಿರಬೇಕು. ರಾಳ ದುಬಾರಿ ಎಂದು ನೇರ ಗಂಧಕಾಮ್ಲ ಸುರಿಯುವ ಘಟಕಗಳಿವೆ. ಕ್ರಿಯೆ ಬೇಗ ಆಗುತ್ತದೆ ನಿಜ. ಆದರೆ ಒಂದಿಷ್ಟು ಆಮ್ಲ ಎಣ್ಣೆಯಲ್ಲಿ ಉಳಿದರೂ ಮುಂದಿನ ಹಂತದ ಸುಣ್ಣದ ಮೇಲೆ ಜಿಪ್ಸಂ ಪದರ ಕಟ್ಟಿ ಅದು ಸತ್ತಂತೆ.

ತಿಪಟೂರಿನ ತೆಂಗಿನ ಚಿಪ್ಪಿನಿಂದ ಇಂಥ ಆಮ್ಲ ಕ್ಯಾಟಲಿಸ್ಟ್ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು. ಚಿಪ್ಪಿನ ಪುಡಿಯನ್ನು ಗಾಳಿಯಿಲ್ಲದೆ 400 ಡಿಗ್ರಿಯ ಆಸುಪಾಸಿನಲ್ಲಿ ಅರೆಬರೆ ಇದ್ದಿಲಾಗಿಸಿ, ಸಾಂದ್ರ ಗಂಧಕಾಮ್ಲದಲ್ಲಿ 150 ಡಿಗ್ರಿಗೆ ಹತ್ತು ಹದಿನೈದು ಗಂಟೆ ಬೇಯಿಸಿ, ಬಿಸಿನೀರಿನಲ್ಲಿ ಸಲ್ಫೇಟ್ ಬರುವುದು ನಿಲ್ಲುವ ತನಕ ತೊಳೆಯಬೇಕು. ಬೇರಿಯಂ ಕ್ಲೋರೈಡ್ ಹನಿಸಿದರೆ ಬಿಳಿ ಬರಬಾರದು. ನೀರು ಶುದ್ಧಿಗೆ ಮಾರುವ ಆಕ್ಟಿವೇಟೆಡ್ ಕಾರ್ಬನ್ ಇದಕ್ಕೆ ಬಾರದು. ಹೆಚ್ಚು ಶಾಖದಲ್ಲಿ ಗಟ್ಟಿಗೊಂಡ ಇದ್ದಿಲು ಆಮ್ಲ ಗುಂಪುಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಇದು ಲ್ಯಾಬ್ ಮಟ್ಟದಲ್ಲಿ ಚೆನ್ನ. ಸಾಂದ್ರ ಗಂಧಕಾಮ್ಲ ಕುದಿಸುವ ಕೆಲಸವನ್ನು ಸ್ವಸಹಾಯ ಸಂಘಕ್ಕೆ ವಹಿಸುವ ಯೋಜನೆ ಯಾರಾದರೂ ತಂದರೆ ದಯವಿಟ್ಟು ಸಹಿ ಹಾಕಬೇಡಿ.

ಇನ್ನು ಸುಣ್ಣದ ವಿಚಾರ. ಇದರಲ್ಲಿ ಸಣ್ಣ ಸಣ್ಣ ಸಂಗತಿಗಳೇ ಎಲ್ಲವನ್ನೂ ಕೆಡಿಸುತ್ತವೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ. 100 ಕೆ.ಜಿ. ಎಣ್ಣೆಗೆ 3 ಕೆ.ಜಿ. ಸುಟ್ಟ ಸುಣ್ಣ ಬೇಕು ಎಂದರೆ ಒಣ ಮೊಟ್ಟೆ ಚಿಪ್ಪು ಐದೂಮುಕ್ಕಾಲು ಕೆ.ಜಿ., ಅಂದಾಜು ಸಾವಿರ ಮೊಟ್ಟೆಯದು. ಚಿಪ್ಪಿನ ಒಳಪೊರೆ ತೆಗೆದು ತೊಳೆದು ಒಣಗಿಸಿ ಪುಡಿ ಮಾಡಿ, 850–900 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಸುಡಬೇಕು. ಊರ ಸುಣ್ಣದ ಗೂಡಿನಲ್ಲಿ ಶಾಖ ಒಂದೇ ಸಮ ಇರುವುದಿಲ್ಲ. ಅಂಚಿನ ಕಲ್ಲು ಬೇಯದೆ ಒಳಗೆ ಸುಣ್ಣಕಲ್ಲಾಗಿಯೇ ಉಳಿಯುತ್ತದೆ, ನಡುವಿನದು ಅತಿಯಾಗಿ ಬೆಂದು ರಂಧ್ರ ಮುಚ್ಚಿ ಜಡವಾಗುತ್ತದೆ. ಅಂಗಡಿಯಲ್ಲಿ ಸಿಗುವ ಪುಡಿ ಸುಣ್ಣ ಸಾಮಾನ್ಯವಾಗಿ ಆಗಲೇ ನೀರು ಹೀರಿ ಅರಳಿದ್ದು, ಅದು ಕ್ಯಾಟಲಿಸ್ಟ್ ಆಗಿ ಬಹಳ ಮಂದ.

ಸುಟ್ಟ ಸುಣ್ಣ ಕುಲುಮೆಯಿಂದ ಹೊರಬಂದ ಗಳಿಗೆಯಿಂದಲೇ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಹೀರಲು ಶುರುಮಾಡುತ್ತದೆ. ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ, ಹಾಳಾಗುವುದೂ ಮೊದಲು ಮೇಲ್ಮೈಯೇ. ನಿಮಿಷಗಳ ಲೆಕ್ಕದ ಕೆಲಸ ಇದು. ಬಿಸಿ ಆರುವ ಮೊದಲೇ ರಬ್ಬರ್ ವಾಷರ್ ಇರುವ ಡಬ್ಬಿಗೆ ಹಾಕಿ ಮುಚ್ಚಬೇಕು, ಒಂದು ಬ್ಯಾಚಿಗೆ ಒಂದು ಡಬ್ಬಿ. ದೊಡ್ಡ ಡ್ರಮ್ಮಿನಿಂದ ದಿನಾ ಮೊಗೆದುಕೊಳ್ಳುವ ಪದ್ಧತಿ ಇಟ್ಟರೆ ತಳದ ಸುಣ್ಣ ಬರುವ ಹೊತ್ತಿಗೆ ಕೆಲಸ ನಿಂತಿರುತ್ತದೆ. ಪರೀಕ್ಷೆ ಸುಲಭ: ಚಿಟಿಕೆ ಸುಣ್ಣಕ್ಕೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ ಹನಿಸಿ, ಬುರುಗು ಬಂದರೆ ಅದು ಸುಣ್ಣಕಲ್ಲಿಗೆ ಮರಳಿದೆ. ನೀರು ಹನಿಸಿದಾಗ ಚುರ್ರೆಂದು ಬಿಸಿಯಾಗದಿದ್ದರೆ ಆಗಲೇ ಅರಳಿದೆ. ಎರಡಕ್ಕೂ ಮದ್ದು ಮತ್ತೆ ಸುಡುವುದೇ.

ಬ್ಯಾಚ್ ಮಾಡುವಾಗ ಮೊದಲು ಸುಣ್ಣವನ್ನು ಬರೀ ಮೆಥನಾಲ್‌ನಲ್ಲಿ ಅರ್ಧದಿಂದ ಒಂದು ಗಂಟೆ ಕಲಕಿ, ಆಮೇಲೆ 110 ಡಿಗ್ರಿಗೆ ಕಾಯಿಸಿ ತೇವ ಹಾರಿಸಿ ಆರಿಸಿದ ಎಣ್ಣೆ ಸೇರಿಸಬೇಕು. ಮೆಥನಾಲ್ ಸೋಡಾ ವಿಧಾನಕ್ಕಿಂತ ಹೆಚ್ಚು ಬೇಕು, ಸುಮಾರು 33 ಕೆ.ಜಿ. ಕ್ರಿಯೆಗೆ ಖರ್ಚಾಗುವುದು 11 ಕೆ.ಜಿ., ಉಳಿದ 22 ಕೆ.ಜಿ. ಭಟ್ಟಿ ಇಳಿಸಿ ವಾಪಸು ತೆಗೆಯದಿದ್ದರೆ ದುಡ್ಡೆಲ್ಲ ಆವಿ. ಎಣ್ಣೆ, ಮೆಥನಾಲ್, ಸುಣ್ಣ ಮೂರೂ ಒಂದಕ್ಕೊಂದು ಬೆರೆಯದ ವಸ್ತುಗಳಾದ್ದರಿಂದ ಕ್ರಿಯೆ ಆರಂಭದಲ್ಲಿ ನಿಧಾನ. ಹಿಂದಿನ ಬ್ಯಾಚಿನ ಬಯೋಡೀಸೆಲ್ ಶೇ. 10ರಷ್ಟು ಸೇರಿಸಿದರೆ ಬೇಗ ಬೆರೆಯುತ್ತವೆ. 60–65 ಡಿಗ್ರಿ, ಎರಡರಿಂದ ಮೂರು ಗಂಟೆ. ಮೆಥನಾಲ್ 64.7 ಡಿಗ್ರಿಗೆ ಕುದಿಯುವುದರಿಂದ ಮೇಲೆ ಆವಿ ತಣಿಸಿ ಮರಳಿಸುವ ಕಂಡೆನ್ಸರ್ ಇಲ್ಲದ ಪಾತ್ರೆ ಒಪ್ಪಲೇಬಾರದು. ಕಲಕುವ ರೆಕ್ಕೆ ಸುಣ್ಣವನ್ನು ತಳದಿಂದ ಎತ್ತುವಂತಿರಬೇಕು. ಕೊನೆಗೆ ಗ್ಲಿಸರಿನ್ ಮತ್ತು ಸುಣ್ಣ ಸೇರಿ ಕಲಸಿದ ಕಣಕದಂತೆ ತಳಕ್ಕೆ ಹಿಡಿಯುತ್ತದೆ. ಬಿಸಿಯಿರುವಾಗಲೇ ಬಸಿಯದಿದ್ದರೆ ವಾಲ್ವ್ ಕಟ್ಟಿಕೊಳ್ಳುತ್ತದೆ. ಮೆಥನಾಲ್ ಭಟ್ಟಿ ಇಳಿಸುವ ಮುಂಚೆ ಸುಣ್ಣ, ಗ್ಲಿಸರಿನ್ ಎರಡನ್ನೂ ಪೂರ್ತಿ ಬೇರ್ಪಡಿಸಿರಬೇಕು. ಸುಣ್ಣ ಇದ್ದ ಹಾಗೆಯೇ ಮೆಥನಾಲ್ ತೆಗೆದರೆ ಕ್ರಿಯೆ ಹಿಂದಕ್ಕೆ ತಿರುಗಿ ಬಯೋಡೀಸೆಲ್ ಮತ್ತೆ ಎಣ್ಣೆಯ ಕಡೆ ಹೋಗುತ್ತದೆ.

ಈಗ ಕರಪತ್ರಗಳು ಬಾಯಿಬಿಡದ ಸಂಗತಿ. ಸುಣ್ಣ ಕರಗುವುದಿಲ್ಲ ಎನ್ನುವುದು ಅರ್ಧ ಸತ್ಯ. ಗ್ಲಿಸರಿನ್ ಜೊತೆ ಸೇರಿ ಅದು ಕ್ಯಾಲ್ಸಿಯಂ ಡೈಗ್ಲಿಸರಾಕ್ಸೈಡ್ ಆಗುತ್ತದೆ, ಅದರಲ್ಲಿ ಸ್ವಲ್ಪ ಭಾಗ ಕರಗಿ ಇಂಧನದೊಳಗೆ ಸೇರುತ್ತದೆ. ಭಾರತೀಯ ಮಾನಕ ಐಎಸ್ 15607ರ ಪ್ರಕಾರ ಬಯೋಡೀಸೆಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿ ಕೆ.ಜಿ.ಗೆ 5 ಮಿ.ಗ್ರಾಂ. ಮೀರುವಂತಿಲ್ಲ. ಸುಣ್ಣದಿಂದ ಮಾಡಿ ಹಾಗೇ ಸೋಸಿದ ಇಂಧನದಲ್ಲಿ ನೂರಾರು ಮಿ.ಗ್ರಾಂ. ಇರಬಹುದು. ಇದು ಬರೀ ಕಾಗದದ ಮಿತಿಯಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬಸ್ಸು, ಲಾರಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇದೆ. ಮಸಿ ಉರಿದುಹೋಗುತ್ತದೆ, ಕ್ಯಾಲ್ಸಿಯಂ ಬೂದಿ ಉರಿಯುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಹಳೇ ಟ್ರ್ಯಾಕ್ಟರ್‌ನಲ್ಲಿ ನಡೆದದ್ದು ಹೊಸ ಬಸ್ಸಿನಲ್ಲಿ ನಡೆಯದು. ಆದ್ದರಿಂದ ಸುಣ್ಣದ ಘಟಕಕ್ಕೆ ಕೊನೆಯಲ್ಲಿ ಕ್ಯಾಲ್ಸಿಯಂ ಹಿಡಿಯುವ ಅಯಾನು ವಿನಿಮಯ ರಾಳದ ಕೊಳವೆ ಇರಲೇಬೇಕು. ನೀರು ಬೇಡ ಎನ್ನುವುದು ಆಗ ಮಾತ್ರ ನಿಜ.

ಹತ್ತು ಸಲ ಬಳಸಬಹುದು ಎನ್ನುವುದನ್ನು ಪರೀಕ್ಷಿಸುವ ಬಗೆಯೂ ಇದೆ. ಪ್ರತಿ ಸಲವೂ ಮೂರು ಗಂಟೆ ನಡೆಸಿ ಶೇ. 97 ಬಯೋಡೀಸೆಲ್ ಬಂತು ಎಂದು ತೋರಿಸಿದರೆ ಏನೂ ಗೊತ್ತಾಗುವುದಿಲ್ಲ. ಮೊದಲ ಸಲ ಒಂದು ಗಂಟೆಗೇ ಮುಗಿದಿದ್ದ ಕೆಲಸ ಹತ್ತನೇ ಸಲ ಮೂರು ಗಂಟೆ ಹಿಡಿದಿದ್ದರೂ ಅಂಕಿ ಅದೇ. ಪ್ರತಿ ಸಲ 30ನೇ ನಿಮಿಷದ ಮಾದರಿ ತೆಗೆಸಿ, ಅರ್ಧ ಕ್ರಿಯೆಯ ಹಂತದಲ್ಲಿ ಅಳೆಸಿ. ಕ್ಯಾಟಲಿಸ್ಟ್ ಸೋಲುತ್ತಿದೆಯೇ ಇಲ್ಲವೇ ಎರಡನೇ ಮೂರನೇ ಬ್ಯಾಚಿಗೇ ಕಾಣುತ್ತದೆ. ಜೊತೆಗೆ ಇನ್ನೊಂದು: ಕ್ರಿಯೆ ಅರ್ಧವಾದಾಗ ಬಿಸಿಯಲ್ಲೇ ಕ್ಯಾಟಲಿಸ್ಟ್ ಸೋಸಿ ತೆಗೆದು, ಉಳಿದ ದ್ರವವನ್ನು ಅದೇ ಶಾಖದಲ್ಲಿ ಕಲಕುತ್ತಾ ಹೋಗಲಿ. ಕ್ಯಾಟಲಿಸ್ಟ್ ಇಲ್ಲದೆಯೂ ಕ್ರಿಯೆ ಮುಂದುವರಿದರೆ ಅದು ಕರಗಿದೆ ಎಂದೇ ಅರ್ಥ.

ದಿನನಿತ್ಯದ ತಪಾಸಣೆಗೆ 27 ಮಿ.ಲೀ. ಮೆಥನಾಲ್‌ಗೆ 3 ಮಿ.ಲೀ. ಬಯೋಡೀಸೆಲ್ ಹಾಕಿ ಕುಲುಕಿದರೆ ಸಾಕು. 20–25 ಡಿಗ್ರಿಯಲ್ಲಿ ಪೂರ್ತಿ ಕರಗಬೇಕು, ತಳದಲ್ಲಿ ಹನಿ ಕೂತರೆ ಎಣ್ಣೆ ಉಳಿದಿದೆ. ಮಾರಾಟಕ್ಕೆ, ಸರ್ಕಾರಿ ವಾಹನಕ್ಕೆ ಮಾತ್ರ ಇದು ಸಾಲದು. ಎಸ್ಟರ್ (ಬಯೋಡೀಸೆಲ್ ಆಗಿ ತಿರುಗಿದ ಅಂಶ) ಕನಿಷ್ಠ ಶೇ. 96.5, ಒಟ್ಟು ಗ್ಲಿಸರಿನ್ ಶೇ. 0.25ರೊಳಗೆ, ನೀರು ಕೆ.ಜಿ.ಗೆ 500 ಮಿ.ಗ್ರಾಂ.ಒಳಗೆ, ಆಮ್ಲ ಮೌಲ್ಯ (ಒಂದು ಗ್ರಾಂ ಇಂಧನದ ಆಮ್ಲ ತಣಿಸಲು ಬೇಕಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಮಿ.ಗ್ರಾಂ. ಲೆಕ್ಕದಲ್ಲಿ) 0.5ರೊಳಗೆ, ಇವನ್ನೆಲ್ಲ ಮಾನ್ಯತೆ ಪಡೆದ ಲ್ಯಾಬ್ ಹೇಳಬೇಕು.

ದೊಡ್ಡ ಪ್ರಮಾಣದಲ್ಲಿ ಘನ ಕ್ಯಾಟಲಿಸ್ಟ್ ನಡೆಯುತ್ತಿಲ್ಲವೇ ಎಂದರೆ, ನಡೆಯುತ್ತಿದೆ. ಫ್ರಾನ್ಸಿನ ಸೆಟ್ ಬಂದರಿನಲ್ಲಿ 2006ರಲ್ಲಿ ಸತು-ಅಲ್ಯೂಮಿನಿಯಂ ಆಕ್ಸೈಡ್ ಬಳಸುವ ಘಟಕ ಶುರುವಾಯಿತು. ಆದರೆ ಅದು ನಡೆಯುವುದು 200 ಡಿಗ್ರಿಯ ಸುತ್ತಮುತ್ತ, ಹತ್ತಾರು ಬಾರ್ ಒತ್ತಡದಲ್ಲಿ, ಶುದ್ಧೀಕರಿಸಿದ ಎಣ್ಣೆಯ ಮೇಲೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರ ಕಬ್ಬಿಣ-ಸತು ಸಯನೈಡ್ ಕ್ಯಾಟಲಿಸ್ಟ್ ಆಮ್ಲವನ್ನೂ ಎಣ್ಣೆಯನ್ನೂ ಒಟ್ಟಿಗೇ ತಿರುಗಿಸುತ್ತದೆ, ಅದಕ್ಕೂ 170 ಡಿಗ್ರಿಯ ಶಾಖ ಬೇಕು. 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಜತ್ರೋಫಾ ಇಂಧನ ಬೆರೆಸಿ ವಿಮಾನ ಹಾರಿಸಿದ್ದು ಹೈಡ್ರೋಜನ್ ಬಳಸುವ ಇನ್ನೊಂದೇ ಬಗೆಯ ತಂತ್ರ. ಇವು ರಿಫೈನರಿಗೆ ತಕ್ಕವು. ತಾಲ್ಲೂಕಿನ ಶೆಡ್ಡಿನಲ್ಲಿ ಒತ್ತಡದ ಪಾತ್ರೆ ಇಡುವ ಮಾತು ಬೇಡ. ಜಿಯೊಲೈಟ್ (ಅತಿ ಸಣ್ಣ ರಂಧ್ರಗಳ ಖನಿಜ) ಎಂಬ ಹೆಸರು ಕರಪತ್ರದಲ್ಲಿ ಕಂಡರೆ ರಂಧ್ರದ ಅಳತೆ ಕೇಳಿ. ಝಡ್‌ಎಸ್‌ಎಂ-5ರ (ಅದೂ ಒಂದು ಜಿಯೊಲೈಟ್) ರಂಧ್ರ ಅರ್ಧ ನ್ಯಾನೋಮೀಟರಿಗಿಂತ ಚೂರು ದೊಡ್ಡದಷ್ಟೇ, ಎಣ್ಣೆಯ ಅಣು ಅದರೊಳಗೆ ಹೋಗುವುದೇ ಇಲ್ಲ.

ನಮ್ಮ ಕೋರಿಕೆ ಇಷ್ಟು. ಸುಣ್ಣ ಸುಡುವ ಕುಲುಮೆ, ಆಮ್ಲದ ರಾಳವನ್ನು ಮತ್ತೆ ಸಜ್ಜುಗೊಳಿಸುವ ಏರ್ಪಾಡು ಎರಡೂ ಜಿಲ್ಲೆಗೆ ಒಂದು ಕಡೆ, ತರಬೇತಿ ಪಡೆದವರ ಕೈಯಲ್ಲಿ ಇರಲಿ. ಘಟಕಗಳಿಗೆ ಮುಚ್ಚಿದ ಡಬ್ಬಿ ಹೋಗಲಿ, ಬಳಸಿದ ಸುಣ್ಣ ಅಲ್ಲಿಗೇ ವಾಪಸು ಬರಲಿ. ಮೆಥನಾಲ್ ಹೋಗುವ ತನಕ ಒಣಗಿಸಿ ಮತ್ತೆ ಸುಟ್ಟರೆ ಅದು ಇನ್ನೊಂದಷ್ಟು ಬ್ಯಾಚಿಗೆ ಬರುತ್ತದೆ. ಗೊಬ್ಬರ ಎಂದು ಪಾವಗಡದ ಕ್ಷಾರ ಮಣ್ಣಿಗೆ ಚೆಲ್ಲುವುದು ಬೇಡ. ಟೆಂಡರ್‌ನಲ್ಲಿ ಯಂತ್ರದ ಸಾಮರ್ಥ್ಯದ ಪಕ್ಕದಲ್ಲೇ ಬರುವ ಎಣ್ಣೆಯ ಆಮ್ಲ ಶೇ. 10ರ ತನಕ ಇರಬಹುದು ಎಂದೂ, ಹೊರಬರುವ ಇಂಧನದ ಕ್ಯಾಲ್ಸಿಯಂ ಮಿತಿ ಇಷ್ಟು ಎಂದೂ ಬರೆಯಿರಿ. ಪ್ರಾತ್ಯಕ್ಷಿಕೆ ಸೋಯಾ ಎಣ್ಣೆಯಲ್ಲಲ್ಲ, ನಮ್ಮ ಗಾಣದ ಹಳೇ ಹೊಂಗೆ ಎಣ್ಣೆಯಲ್ಲಿ ಆಗಲಿ, ಸತತ ಹತ್ತು ಬ್ಯಾಚ್, 30ನೇ ನಿಮಿಷದ ಮಾದರಿ ಸಮೇತ. ಮೆಥನಾಲ್ ವಿಷ, ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೂ ಇಲ್ಲ; ಪರವಾನಗಿ, ಬೀಗ, ಗಾಳಿಯಾಡುವ ಶೆಡ್, ಕಿಡಿ ಹಾರದ ಮೋಟಾರ್ ಇಲ್ಲದ ಜಾಗಕ್ಕೆ ಹಣ ಬಿಡುಗಡೆ ಮಾಡಬೇಡಿ.

ಕೊನೆಯದಾಗಿ ಹಣದ ಮಾತು. ಬೀಜ ಬರುವ ಜನವರಿಯಿಂದ ಏಪ್ರಿಲ್ ನಡುವೆ ಹಳ್ಳಿಗಳಲ್ಲಿ ಒಣಗಿಸುವ ಕಣ, ಟಾರ್ಪಾಲು, ತೇವ ಅಳೆಯುವ ಮೀಟರ್‌ಗೆ ಮೊದಲು ಖರ್ಚು ಮಾಡಿ, ಬೀಜಕ್ಕೆ ತೇವ ನೋಡಿ ದರ ಕೊಡಿ. ಎಣ್ಣೆಯ ಆಮ್ಲ ಶೇ. 8ರಿಂದ 3ಕ್ಕೆ ಬಂದರೆ ಮೊದಲ ಹಂತದ ಮೆಥನಾಲ್ 18 ಕೆ.ಜಿ.ಯಿಂದ 7 ಕೆ.ಜಿ.ಗೆ ಇಳಿಯುತ್ತದೆ, ಎರಡನೇ ಸುತ್ತು ತಪ್ಪುವ ಸಾಧ್ಯತೆಯೂ ಹೆಚ್ಚು. ಅಷ್ಟು ಉಳಿತಾಯ ಕೊಡುವ ಕ್ಯಾಟಲಿಸ್ಟ್ ಸದ್ಯಕ್ಕೆ ಯಾರ ಕರಪತ್ರದಲ್ಲೂ ಇಲ್ಲ.

ಇತಿ,
ಎಣ್ಣೆ ಗಾಣ ಮತ್ತು ರಸಾಯನ ಎಂಜಿನಿಯರಿಂಗ್ ಕೆಲಸದಲ್ಲಿರುವ ಕೆಲವರು
ತುಮಕೂರು